ಯೋಗಸೂತ್ರ ಮತ್ತು ಮನೋಚಿಕಿತ್ಸೆ: ಗೋಜಲು ಶುರುವಾದದ್ದೆಲ್ಲಿ?

‘ನಮ್ಮ ಶಾಸ್ತ್ರಗಳಲ್ಲಿ ಮನೋವಿಜ್ಞಾನ ಆಗಲೇ ಇತ್ತು’ ಎನ್ನುವವರು ಒಂದು ಕಡೆ, ‘ಅದು ಧರ್ಮ, ಇದು ವಿಜ್ಞಾನ’ ಎಂದು ಬಾಗಿಲು ಹಾಕುವವರು ಇನ್ನೊಂದು ಕಡೆ. ಈ ಎಳೆದಾಟ ಶತಮಾನದಷ್ಟು ಹಳೆಯದು.

1896ರಲ್ಲಿ ಬಂದ ವಿವೇಕಾನಂದರ ‘ರಾಜಯೋಗ’ ಯೋಗವನ್ನು ಮನಸ್ಸಿನ ವಿಜ್ಞಾನವೆಂದೇ ಪರಿಚಯಿಸಿತು. 1922ರಲ್ಲಿ ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿ, ಆ ಪದ್ಧತಿಯ ಜನಕ ಫ್ರಾಯ್ಡ್ ಜತೆ ಪತ್ರವ್ಯವಹಾರ ನಡೆಸಿದರು. 1932ರಲ್ಲಿ ಜ್ಯೂರಿಕ್‌ನಲ್ಲಿ ಕುಂಡಲಿನಿ ಯೋಗದ ಕುರಿತು ಉಪನ್ಯಾಸ ಕೊಟ್ಟ ಸ್ವಿಸ್ ಮನೋವೈದ್ಯ ಯುಂಗ್, ಪಾಶ್ಚಾತ್ಯರು ಯೋಗವನ್ನು ಹಾಗೆಹಾಗೇ ಅನುಕರಿಸಬಾರದೆಂದೂ ಎಚ್ಚರಿಸಿದ್ದುಂಟು. ಆಮೇಲೆ ಅಳತೆಯ ಕಾಲ. 1961ರಲ್ಲಿ ಪ್ರಕಟವಾದ ದೆಹಲಿಯ ಏಮ್ಸ್ ಅಧ್ಯಯನದಲ್ಲಿ, 4 ಡಿಗ್ರಿ ತಣ್ಣೀರಿನಲ್ಲಿ ಕೈಯಿಟ್ಟರೂ ಯೋಗಿಗಳ ಮೆದುಳಿನ ಆಲ್ಫಾ ತರಂಗ (ಎಚ್ಚರವಿದ್ದು ವಿಶ್ರಮಿಸುವಾಗ ಕಾಣುವ ವಿದ್ಯುತ್ ಲಯ) ಕದಲಲಿಲ್ಲ. ಯಂತ್ರಕ್ಕೆ ಸಿಕ್ಕಿದ್ದನ್ನಷ್ಟೇ ಅಳೆಯುತ್ತ ಹೋದ ಹಾಗೆ, ಧ್ಯಾನವೆಂದರೆ ವಿಶ್ರಾಂತಿ ಎಂಬ ಅರ್ಥವೇ ಜನರಲ್ಲಿ ಗಟ್ಟಿಯಾಯಿತು.

ಅದಕ್ಕಿಂತ ದೊಡ್ಡ ಗೋಜಲು ಅನುವಾದದ್ದು. ‘ಈಗೋ’ಗೆ ಕನ್ನಡದಲ್ಲಿ ‘ಅಹಂ’ ಎಂದೆವು. ಫ್ರಾಯ್ಡ್ ಹೇಳುವ ಈಗೋ ಬಯಕೆಗೂ ವಾಸ್ತವಕ್ಕೂ ನಡುವೆ ರಾಜಿ ಮಾಡಿಸುತ್ತದೆ, ಅದು ಬಲವಾಗಿರಬೇಕು. ಯೋಗಸೂತ್ರಕ್ಕೆ ಆಧಾರವಾದ ಸಾಂಖ್ಯ ದರ್ಶನದ ಅಹಂಕಾರ ‘ಇದು ನಾನು, ಇದು ನನ್ನದು’ ಎಂದು ಎಲ್ಲವನ್ನೂ ಅಂಟಿಸಿಕೊಳ್ಳುವ ತತ್ತ್ವ, ಅದು ಸಡಿಲವಾಗಬೇಕು. ಆಡುಮಾತಿನಲ್ಲಂತೂ ಅಹಂ ಎಂದರೆ ಸೊಕ್ಕು. ಖಿನ್ನತೆಯಲ್ಲಿ ಕುಸಿದು ಕೂತವರಿಗೆ ‘ಅಹಂ ಬಿಡಿ’ ಎಂದರೆ ಅವರು ತಮ್ಮನ್ನೇ ಇನ್ನಷ್ಟು ಹಳಿದುಕೊಳ್ಳುತ್ತಾರೆ. ಇದು ಬರೀ ಪದಗಳ ಜಗಳವಲ್ಲ.

ಪದ ಬಿಟ್ಟು ವಿಧಾನ ನೋಡಿದರೆ ನಂಟು ನಿಜಕ್ಕೂ ಬೆರಗುಗೊಳಿಸುತ್ತದೆ. ಹಿಂಸೆ, ಸುಳ್ಳಿನಂಥ ವಿತರ್ಕಗಳು (ಕೆಡುಕಿನ ಯೋಚನೆಗಳು) ಕಾಡಿದಾಗ ‘ಪ್ರತಿಪಕ್ಷಭಾವನೆ’ (ಅದರ ಎದುರು ದಿಕ್ಕಿನ ಚಿಂತನೆ) ಮಾಡು ಎನ್ನುತ್ತದೆ ಪತಂಜಲಿಯ ಯೋಗಸೂತ್ರ (2.33). ಮುಂದಿನ ಸೂತ್ರ ಆ ವಿತರ್ಕಗಳ ಬಗೆಗಳನ್ನು ತಿಳಿಸುತ್ತದೆ. ತಾನೇ ಮಾಡಿದ್ದೋ, ಮಾಡಿಸಿದ್ದೋ, ಅನುಮೋದಿಸಿದ್ದೋ? ಮೂಲ ಲೋಭವೋ, ಕ್ರೋಧವೋ, ಮೋಹವೋ? ತೀವ್ರತೆ ಮೃದುವೋ, ಮಧ್ಯಮವೋ, ಅತಿಯೋ? ಒಟ್ಟು 27 ಬಗೆ. ಸಹೋದ್ಯೋಗಿಯನ್ನು ಯಾರೋ ಹಂಗಿಸಿದಾಗ ನಾವು ಒಳಗೊಳಗೇ ಖುಷಿಪಟ್ಟರೆ, ಬಾಯಿ ಬಿಡದಿದ್ದರೂ ಅದು ‘ಅನುಮೋದಿತ’ದ ಲೆಕ್ಕಕ್ಕೆ ಬರುತ್ತದೆ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಯಲ್ಲಿ (ಕಾಗ್ನಿಟಿವ್ ಥೆರಪಿ) ಇದೇ ಕೆಲಸಕ್ಕೊಂದು ಹಾಳೆಯಿದೆ: ಸಂದರ್ಭ, ಥಟ್ಟನೆ ಮೂಡಿದ ಯೋಚನೆ, ಭಾವನೆ ಮತ್ತು 0ಯಿಂದ 100ರೊಳಗೆ ಅದರ ತೀವ್ರತೆ, ಯೋಚನೆಯ ಪರ-ವಿರೋಧ ಪುರಾವೆ, ಬದಲಿ ಯೋಚನೆ, ಕೊನೆಗೆ ತೀವ್ರತೆಯ ಮರು ಅಂದಾಜು. ಆದರೆ ಬೆಕ್ ಕೇಳುವುದು ‘ಈ ಯೋಚನೆ ನಿಜವೇ?’ ಎಂದು. ಪತಂಜಲಿ ಕೇಳುವುದು ‘ಇದರ ಫಲವೇನು?’ ಎಂದು, ಕೊನೆಯಿಲ್ಲದ ದುಃಖ ಮತ್ತು ಅಜ್ಞಾನ ಎಂಬ ಉತ್ತರವೂ ಸೂತ್ರದಲ್ಲೇ ಇದೆ.

ಈ ವ್ಯತ್ಯಾಸ ಮರೆತಲ್ಲೇ ಎಡವಟ್ಟು. ಪ್ರತಿಪಕ್ಷಭಾವನೆಯನ್ನು ‘ಒಳ್ಳೆಯದನ್ನೇ ಯೋಚಿಸು’ ಎಂದು ಇಳಿಸಿದರೆ, ಅದುಮಿಟ್ಟ ಯೋಚನೆ ಇಮ್ಮಡಿಯಾಗಿ ಮರಳುತ್ತದೆ. ಫಲದ ವಿಚಾರ ಸಿಟ್ಟಿಗೆ, ಮತ್ಸರಕ್ಕೆ ಚೆನ್ನಾಗಿ ಒಗ್ಗುತ್ತದೆ. ಸುಳ್ಳು ಪಾಪಪ್ರಜ್ಞೆಯಲ್ಲಿ ಬೇಯುತ್ತಿರುವವರಿಗೆ ಅದು ಬೆಂಕಿಗೆ ತುಪ್ಪ. ಅಂಥವರಿಗೆ ಮೊದಲು ಪುರಾವೆಯ ಕಾಲಂ ತುಂಬಿಸಬೇಕು.