ಬೆಳಗ್ಗೆ ಕಾರು ಕಿರುಚುತ್ತದೆ, ಬೆಲ್ಟಿಗೆ ಸೋಪು ಹಚ್ಚಬಹುದೇ?

ಪ್ರಶ್ನೆ: ನಮ್ಮದು 1999ರ ಮಾರುತಿ 800. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ‘ಕೀಂಯ್’ ಅಂತ ಜೋರು ಸದ್ದು. ಎರಡು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ. ಮಳೆ ಬಂದ ದಿನ ಇನ್ನೂ ಜಾಸ್ತಿ. ಗ್ಯಾರೇಜಿನಲ್ಲಿ ಬೆಲ್ಟಿಗೆ ಸೋಪು ಉಜ್ಜಿ ಕಳಿಸಿದರು. ಹತ್ತು ದಿನ ಸುಮ್ಮನಿತ್ತು, ಈಗ ಮತ್ತೆ ಶುರು. ಇನ್ನೊಮ್ಮೆ ಸೋಪು ಹಚ್ಚಲೇ, ಬೆಲ್ಟೇ ಬದಲಿಸಲೇ?

ಉತ್ತರ: ಎರಡೂ ಈಗಲೇ ಬೇಡ. ಮೊದಲು ನೋಡಿ, ಆಮೇಲೆ ಕೈ ಹಾಕಿ. ಮಳೆಗಾಲ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ, ಗಾಡಿಯ ಹೆಸರು ಮಾತ್ರ ಬೇರೆ. ಒಬ್ಬರಿಗೆ ಸೋಪು, ಇನ್ನೊಬ್ಬರಿಗೆ ಮೇಣದ ಬತ್ತಿ, ಮತ್ತೊಬ್ಬರಿಗೆ ಗ್ರೀಸು, ಸ್ವಲ್ಪ ದುಡ್ಡಿದ್ದವರಿಗೆ ಡಬ್ಬಿಯಲ್ಲಿ ಬರುವ ಸ್ಪ್ರೇ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಹಾಗಾಗಿ ಈ ಸಲ ಅದನ್ನೇ ಬುಡದಿಂದ ಬಿಡಿಸಿ ಹೇಳುತ್ತೇನೆ.

ಬೆಲ್ಟು ಕೆಲಸ ಮಾಡುವುದು ಘರ್ಷಣೆಯ ಮೇಲೆ. ಅದಕ್ಕೆ ಹಲ್ಲಿಲ್ಲ, ಕೊಂಡಿಯಿಲ್ಲ. ರಬ್ಬರು ಪುಲ್ಲಿಯನ್ನು, ಅಂದರೆ ಬೆಲ್ಟು ಸುತ್ತಿದ ಗಾಲಿಯನ್ನು, ಕಚ್ಚಿ ಹಿಡಿದರೆ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ತಿರುಗುತ್ತದೆ, ಹಿಡಿಯದಿದ್ದರೆ ಜಾರುತ್ತದೆ. ಜಾರುವಾಗ ಅದು ಒಂದೇ ಸಮನೆ ಜಾರುವುದಿಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಒಂದು ಸೆಕೆಂಡಿಗೆ ನೂರಾರು ಸಲ. ಆ ಅದುರಾಟವೇ ನಿಮಗೆ ಕೇಳುವ ಕಿರುಚಾಟ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಕೀರಲು ಸದ್ದು ಮಾಡುವುದೂ ಇದೇ ಕಾರಣಕ್ಕೆ. ಸೀಮೆಸುಣ್ಣ ಒದ್ದೆ ಮಾಡಿದರೆ ಸದ್ದು ನಿಲ್ಲುತ್ತದೆ, ನಿಜ. ಆದರೆ ಒಣಗುವ ತನಕ ಅಕ್ಷರವೂ ಸರಿಯಾಗಿ ಕಾಣುವುದಿಲ್ಲ.

ಸೋಪು ಮಾಡುವುದು ಅದನ್ನೇ. ರಬ್ಬರಿಗೂ ಕಬ್ಬಿಣಕ್ಕೂ ನಡುವೆ ನುಣ್ಣನೆಯ ಪದರ ಕೂರುತ್ತದೆ, ಹಿಡಿದು ಬಿಡುವ ಆಟ ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಜಾರುವುದು ನಿಂತಿತೇ? ಇಲ್ಲ, ಜಾಸ್ತಿಯೇ ಆಯಿತು. ಮೊದಲು ಕೂಗಿಕೊಂಡು ಜಾರುತ್ತಿದ್ದದ್ದು ಈಗ ಸದ್ದಿಲ್ಲದೆ ಜಾರುತ್ತಿದೆ. ಜಾರಿದ ಕಡೆ ಬಿಸಿ ಏರುತ್ತದೆ, ಬಿಸಿಗೆ ರಬ್ಬರಿನ ಮೈ ಗಟ್ಟಿಯಾಗಿ ಗಾಜಿನಂತೆ ಹೊಳೆಯತೊಡಗುತ್ತದೆ. ಹತ್ತು ದಿನದಲ್ಲಿ ಸೋಪು ಒಣಗಿ ಉದುರುತ್ತದೆ. ಉಳಿಯುವುದು ಮೊದಲಿಗಿಂತ ನುಣುಪಾದ, ಮೊದಲಿಗಿಂತ ಬೇಗ ಜಾರುವ ಬೆಲ್ಟು. ನಿಮ್ಮ ಕಾರಿನಲ್ಲಿ ಆಗಿರುವುದು ಇದೇ.

ಗ್ರೀಸು, ಎಂಜಿನ್ ಆಯಿಲ್ ಇನ್ನೂ ಕೆಟ್ಟವು. ಈಗ ಸಿಗುವ ಬೆಲ್ಟುಗಳಲ್ಲಿ ಹೆಚ್ಚಿನವು ಇಪಿಡಿಎಂ ಎಂಬ ರಬ್ಬರಿನವು. ಬಿಸಿಲು, ಬಿಸಿ, ನೀರು ಎಲ್ಲಕ್ಕೂ ತಡೆಯುತ್ತವೆ. ಪೆಟ್ರೋಲಿಯಂ ಎಣ್ಣೆಗೆ ಮಾತ್ರ ತಡೆಯುವುದಿಲ್ಲ. ಎಣ್ಣೆ ಕುಡಿದು ಊದಿಕೊಂಡು ಮೆತ್ತಗಾಗುತ್ತವೆ. ಅಂಥ ಬೆಲ್ಟನ್ನು ತೊಳೆದು ಉಳಿಸಲು ಬರುವುದಿಲ್ಲ. ಸ್ಪ್ರೇಯ ಕಥೆ ಬೇರೆ: ಅದು ಅಂಟು. ಹಿಟ್ಟಿನ ಗಿರಣಿಯ ಚಪ್ಪಟೆ ಪಟ್ಟಾಕ್ಕೆ ರಾಳ ಹಾಕುವುದು ನೋಡಿದ್ದೀರಿ, ಅಲ್ಲಿ ಅದು ಸರಿ. ಚಪ್ಪಟೆ ಪಟ್ಟಾ ಅಗಲವಾದ ಗಾಲಿಯ ಮೇಲೆ ಬರೀ ಮೈಯೊತ್ತಿ ಓಡುತ್ತದೆ. ಕಾರಿನ ವಿ ಬೆಲ್ಟು ಬೆಣೆಯಂತೆ ಪುಲ್ಲಿಯ ತೋಡಿನೊಳಗೆ ಇಳಿದು ಎರಡೂ ಪಕ್ಕದಿಂದ ಹಿಡಿಯುತ್ತದೆ. ಅದಕ್ಕೆ ಅಂಟು ಬೇಕಿಲ್ಲ, ಬಿಗಿ ಬೇಕು. ಅಂಟಿಗೆ ರಸ್ತೆಯ ಧೂಳು ಸೇರಿದರೆ ಮರಳುಕಾಗದದ ಹಾಗೆ ಬೆಲ್ಟನ್ನೂ ಪುಲ್ಲಿಯನ್ನೂ ತೇಯುತ್ತದೆ.

ಇನ್ನು ನಿಮ್ಮ ಸದ್ದು ಬೆಳಗ್ಗೆಯೇ ಏಕೆ, ಎರಡೇ ನಿಮಿಷ ಏಕೆ? ಸ್ಟಾರ್ಟ್ ಮಾಡುವಾಗ ಬ್ಯಾಟರಿಯಿಂದ ಖಾಲಿಯಾದದ್ದನ್ನು ಡೈನಮೋ ತುಂಬಿಕೊಡಬೇಕು. ಮಳೆಯಾದರೆ ಹೆಡ್‌ಲೈಟು, ವೈಪರು, ಬ್ಲೋವರು ಮೂರೂ ಒಟ್ಟಿಗೆ. 14 ವೋಲ್ಟಿನಲ್ಲಿ 50 ಆಂಪಿಯರ್ ಎಂದರೆ 700 ವ್ಯಾಟ್. ಡೈನಮೋ ಒಳಗೆ ಸೋರಿಹೋಗುವುದನ್ನೂ ಸೇರಿಸಿದರೆ ಬೆಲ್ಟು ಎಳೆಯಬೇಕಾದದ್ದು ಸುಮಾರು ಒಂದೂವರೆ ಅಶ್ವಶಕ್ತಿ. ಡೈನಮೋ ಪುಲ್ಲಿಯೋ ಎಲ್ಲಕ್ಕಿಂತ ಚಿಕ್ಕದು, ಬೆಲ್ಟಿಗೆ ಹಿಡಿಯಲು ಅಲ್ಲಿ ಸಿಗುವ ಜಾಗ ಕಡಿಮೆ. ಹಾಗಾಗಿ ಮೊದಲು ಜಾರುವುದು ಅಲ್ಲೇ. ಬ್ಯಾಟರಿ ಸ್ವಲ್ಪ ತುಂಬಿ, ಬೆಲ್ಟು ಬಿಸಿಯಾಗಿ ಒಣಗಿದ ಮೇಲೆ ಸದ್ದು ನಿಲ್ಲುತ್ತದೆ. ದೋಷ ಸರಿಹೋಗಿ ನಿಂತದ್ದಲ್ಲ, ಹೊರೆ ಇಳಿದು ನಿಂತದ್ದು.

ಈಗ ಪರೀಕ್ಷೆ. ಸದ್ದನ್ನು ಮೊದಲು ಕಿವಿಯಿಂದ ಬೇರೆ ಮಾಡಿ. ಉದ್ದಕ್ಕೆ ಎಳೆದು ಕಿರುಚಿದರೆ, ರೇಸ್ ಮಾಡಿದಾಗ ಜೋರಾದರೆ, ಅದು ಜಾರುವಿಕೆ. ಗುಬ್ಬಚ್ಚಿಯ ಹಾಗೆ ‘ಚಿಂವ್ ಚಿಂವ್’ ಎಂದು ತಾಳಕ್ಕೆ ಸರಿಯಾಗಿ ಕೂಗಿ, ರೇಸ್ ಮಾಡಿದಾಗ ಅಡಗಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲ. ‘ಗರ್ರ್’ ಎಂದು ನಿಲ್ಲದೆ ಬರುತ್ತಿದ್ದರೆ ಬೇರಿಂಗು. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಹೈಬೀಮ್, ಬ್ಲೋವರ್ ಒಟ್ಟಿಗೆ ಹಾಕಿ. ಆಗಲೇ ಕಿರುಚಿದರೆ ಡೈನಮೋ ಬೆಲ್ಟು. ಎಸಿ ಹಾಕಿದ ಕ್ಷಣ ಕಿರುಚಿದರೆ ಎಸಿಯ ಬೆಲ್ಟು, ಅದು ನಿಮ್ಮ ಗಾಡಿಯಲ್ಲಿ ಬೇರೆಯೇ ಇದೆ. ಪವರ್ ಸ್ಟೀರಿಂಗ್ ಇರುವ ಗಾಡಿಯವರು ಸ್ಟೀರಿಂಗನ್ನು ಕೊನೆತನಕ ತಿರುಗಿಸಿ ನೋಡಿ.

ಅನುಮಾನ ಉಳಿದರೆ ಸಸಿಗೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಓಡುತ್ತಿರುವ ಬೆಲ್ಟಿನ ಒಳಮೈಗೆ ಎರಡು ಸಲ ಹೊಡೆಯಿರಿ. ಡೈನಮೋ ಮೇಲೆ ಬೇಡ. ಸದ್ದು ಜೋರಾದರೆ ಬೆಲ್ಟು ಸಡಿಲ. ಕೂಡಲೇ ನಿಂತು, ಒಣಗಿದ ಮೇಲೆ ಮತ್ತೆ ಬಂದರೆ ಪುಲ್ಲಿ ಸಾಲು ತಪ್ಪಿದೆ. ಏನೂ ಬದಲಾಗದಿದ್ದರೆ ಬೆಲ್ಟನ್ನು ಬಿಟ್ಟು ಬೇರಿಂಗ್ ಹುಡುಕಿ. ಈ ಕೆಲಸ ಮಾಡುವಾಗ ಸೆರಗು, ಶಾಲು, ಪಂಚೆಯ ತುದಿ ಏನೂ ಜೋತಾಡಬಾರದು.

ಮುಂದಿನದ್ದು ಎಂಜಿನ್ ನಿಲ್ಲಿಸಿ, ಕೀ ತೆಗೆದು, ಆರಿದ ಮೇಲೆ. ಬೆಲ್ಟಿನ ಪಕ್ಕವನ್ನು ಬೆರಳಿನಿಂದ ಸವರಿ. ಒಳ್ಳೆಯ ಬೆಲ್ಟು ಮಬ್ಬಾಗಿ, ಸ್ವಲ್ಪ ತರಿತರಿಯಾಗಿ ಇರುತ್ತದೆ. ಜಾರಿ ಸುಟ್ಟದ್ದು ಪಾಲಿಶ್ ಹಾಕಿದ ಬೂಟಿನಂತೆ ಮಿರುಗುತ್ತದೆ, ಪುಲ್ಲಿಯ ಸುತ್ತ ಕಾಡಿಗೆಯಂಥ ಕಪ್ಪು ಪುಡಿ ಕೂತಿರುತ್ತದೆ. ತಿರುವಿ ಒಳಮೈ ನೋಡಿ, ಬಿರುಕಿದ್ದರೆ ಬದಲಿಸಿ. ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮನಾಗಿರಬೇಕು. ಒಳಗೆ ಇಳಿದು ತೋಡಿನ ತಳ ಮುಟ್ಟುತ್ತಿದ್ದರೆ, ತಳವೇ ಮಿಂಚುತ್ತಿದ್ದರೆ, ಬೆಲ್ಟೋ ಪುಲ್ಲಿಯೋ ಸವೆದಿದೆ. ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ. ಎಣ್ಣೆಯ ಜಿಡ್ಡು ಕಂಡರೆ ಸೋರಿಕೆಯ ಮೂಲ ನಿಲ್ಲಿಸದೆ ಹೊಸ ಬೆಲ್ಟು ಹಾಕುವುದು ದಂಡ.

ಆಮೇಲೆ ಬಿಗಿ. ಎಂಜಿನ್ ಒಳಗೆ ನೀರು ಸುತ್ತಿಸುವ ವಾಟರ್ ಪಂಪಿನ ಪುಲ್ಲಿಗೂ ಡೈನಮೋ ಪುಲ್ಲಿಗೂ ನಡುಮಧ್ಯೆ ಹೆಬ್ಬೆರಳಿನಿಂದ ಹತ್ತು ಕಿಲೋ ಬಲ ಬೀಳುವಷ್ಟು ಒತ್ತಿ. 6ರಿಂದ 9 ಮಿಲಿಮೀಟರ್ ತಗ್ಗಿದರೆ ಸರಿ. ಬೇರೆ ಗಾಡಿಯವರು ತಮ್ಮ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಂಕಿ ನೋಡಿಕೊಳ್ಳಲಿ. ಸದ್ದು ನಿಲ್ಲುವ ತನಕ ಬಿಗಿ ಮಾಡುತ್ತಾ ಹೋಗುವುದು ಸೋಪಿನ ತಮ್ಮ. ಅಷ್ಟೂ ಎಳೆತ ಡೈನಮೋ ಬೇರಿಂಗಿನ ಮೇಲೂ ಪಂಪಿನ ಬೇರಿಂಗಿನ ಮೇಲೂ ಬೀಳುತ್ತದೆ. ಕೆಲವು ನೂರು ರೂಪಾಯಿಯ ಬೆಲ್ಟಿನಲ್ಲಿ ಮುಗಿಯಬೇಕಾದದ್ದು ಸಾವಿರಗಳಿಗೆ ಹೋಗುತ್ತದೆ.

ಬೆಲ್ಟು ಬಿಚ್ಚಿದಾಗ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ. ಮರಳು ಅರೆದಂತೆ ಅನ್ನಿಸಿದರೆ ಬೇರಿಂಗ್ ಹೋಗಿದೆ. ಪಂಪಿನ ಪುಲ್ಲಿಯನ್ನು ಹಿಡಿದು ಅಲುಗಾಡಿಸಿ, ಆಟ ಇರಬಾರದು. ಡೈನಮೋ ಕೂತಿರುವ ಬೋಲ್ಟಿನ ತೂತು ಸವೆದು ಅಗಲವಾಗಿದ್ದರೆ ಡೈನಮೋ ಓರೆಯಾಗಿ ಪುಲ್ಲಿ ಸಾಲು ತಪ್ಪುತ್ತದೆ, ಹಳೆಯ ಗಾಡಿಗಳಲ್ಲಿ ಇದು ಸಾಮಾನ್ಯ. ನೇರವಾದ ಸ್ಕೇಲನ್ನು ಪುಲ್ಲಿಗಳ ಮುಖಕ್ಕೆ ಹಿಡಿದರೆ ಗೊತ್ತಾಗುತ್ತದೆ. ಹಾಗೆಯೇ ಚಕ್ರದ ಬದಿಯ ಪ್ಲಾಸ್ಟಿಕ್ ತಡೆ ಇದೆಯೇ ನೋಡಿ. ಅದು ಕಳೆದುಹೋಗಿದ್ದರೆ ಮಳೆಯ ರಾಡಿ ನೇರ ಬೆಲ್ಟಿಗೇ ಸಿಡಿಯುತ್ತದೆ.

ಹೊಸದು ತರುವಾಗ ಹಳೆಯದರ ಬೆನ್ನ ಮೇಲಿನ ನಂಬರಿನದ್ದೇ ತನ್ನಿ. ಪುಲ್ಲಿಯ ಒಳಗಿನ ಸೋಪು, ಜಿಡ್ಡು ತೆಗೆದು ಒಣಗಿಸಿ. ಡೈನಮೋದ ಕೆಳಗಿನ ಬೋಲ್ಟು, ಬಿಗಿ ಮಾಡುವ ಬೋಲ್ಟು ಎರಡನ್ನೂ ಸಡಿಲಿಸಿ ಬೆಲ್ಟು ಕೂರಿಸಿ. ಸ್ಕ್ರೂಡ್ರೈವರ್‌ನಿಂದ ಮೀಟಿ ಹತ್ತಿಸಿದರೆ ಒಳಗಿನ ದಾರ ತುಂಡಾಗುತ್ತದೆ, ಹೊರಗೆ ಕಾಣುವುದಿಲ್ಲ. ಹಾಕಿದ ಮೇಲೆ ಹದಿನೈದು ನಿಮಿಷ ಓಡಿಸಿ, ಆರಿದ ಮೇಲೆ ಬಿಗಿ ಮತ್ತೊಮ್ಮೆ ನೋಡಿ. ಹೊಸ ವಿ ಬೆಲ್ಟು ಮೊದಲ ಓಟದಲ್ಲೇ ಸ್ವಲ್ಪ ಕೂರುತ್ತದೆ. ಈ ಎರಡನೇ ಸಲ ನೋಡದೆ ಬಿಡುವುದರಿಂದಲೇ ‘ಹೊಸ ಬೆಲ್ಟೂ ಕೂಗುತ್ತದೆ’ ಎಂಬ ದೂರುಗಳು ಬರುತ್ತವೆ.

ನೀವು ಕೇಳಲಿಲ್ಲ, ಆದರೂ ಹೇಳಬೇಕಾದದ್ದು ಒಂದಿದೆ. ಇದನ್ನು ಎಲ್ಲರೂ ಫ್ಯಾನ್ ಬೆಲ್ಟ್ ಎನ್ನುತ್ತಾರೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ರೇಡಿಯೇಟರಿನ ಫ್ಯಾನು ವಾಟರ್ ಪಂಪಿನ ಮೂತಿಯಲ್ಲೇ ಇತ್ತು, ಬೆಲ್ಟೇ ಅದನ್ನು ತಿರುಗಿಸುತ್ತಿತ್ತು. 800ರಲ್ಲಿ ಫ್ಯಾನಿಗೆ ಕರೆಂಟಿನ ಮೋಟರ್ ಬಂತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಫ್ಯಾನು ತಿರುಗುತ್ತಿದೆಯಲ್ಲ, ಹಾಗಾದರೆ ಬೆಲ್ಟು ಸರಿಯಿದೆ ಎಂದು ಇದರಿಂದ ಮೋಸ ಹೋಗುವವರಿದ್ದಾರೆ. ವಾಟರ್ ಪಂಪು ಈಗಲೂ ಆ ಬೆಲ್ಟಿನ ಮೇಲೇ ಇದೆ. ಓಡುವಾಗ ಬೆಲ್ಟು ಹರಿದರೆ ಮೊದಲು ಹತ್ತುವುದು ಬ್ಯಾಟರಿಯ ಕೆಂಪು ದೀಪ. ಚಾರ್ಜಿಂಗಿನ ವಿಷಯ ತಾನೇ, ಮನೆ ಮುಟ್ಟಿಸಿ ನೋಡೋಣ ಎಂದು ಓಡಿಸಬೇಡಿ. ನೀರು ಎಂಜಿನ್ ಒಳಗೆ ಸುತ್ತುತ್ತಿಲ್ಲ, ಎಂಜಿನ್ ಕಾದು ಕೆಲವೇ ಕಿಲೋಮೀಟರಿನಲ್ಲಿ ಅದರ ತಲೆಯ ಕೆಳಗಿನ ಹೆಡ್ ಗ್ಯಾಸ್ಕೆಟ್ ಎಂಬ ಸೀಲು ಹೋಗಬಹುದು. ದೀಪ ಹತ್ತಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ ಬೆಲ್ಟು ಇದೆಯೇ ನೋಡಿ. ಬದಲಿಸಿದ ಹಳೆಯ ಬೆಲ್ಟು ಬಿರುಕಿಲ್ಲದೆ, ಎಣ್ಣೆ ಕುಡಿಯದೆ ಇದ್ದರೆ ಎಸೆಯಬೇಡಿ. ಬೋಲ್ಟಿಗೆ ಕೂರುವ ಸ್ಪ್ಯಾನರಿನ ಜೊತೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.