ಬಾಣಂತಿಯ ರಕ್ತ ಹೆಪ್ಪುಗಟ್ಟದಿದ್ದಾಗ

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿಕೊಂಡಾಗ ಆ ರಕ್ತನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಗರ್ಭಕೋಶದ ಸ್ನಾಯು ಬಿಗಿದುಕೊಂಡು ಅವನ್ನು ಹಿಚುಕಿ ಮುಚ್ಚಬೇಕು, ಮುಚ್ಚಿದ ಬಾಯಿಗಳಲ್ಲಿ ರಕ್ತ ಹೆಪ್ಪುಗಟ್ಟಬೇಕು. ಸ್ನಾಯು ಸೋತರೆ ಆಕ್ಸಿಟೋಸಿನ್ ಚುಚ್ಚುಮದ್ದಿದೆ, ಹೊಟ್ಟೆಯ ಮೇಲೆ ಕೈಯಿಟ್ಟು ತೀಡುವುದಿದೆ. ಇವನ್ನು ಹೆರಿಗೆ ಕೋಣೆಯಲ್ಲಿ ಯಾರೂ ಮರೆಯುವುದಿಲ್ಲ. ಹೆಪ್ಪುಗಟ್ಟಿಸುವ ಎರಡನೆಯ ಕೆಲಸದ ಕಡೆಗೆ ಮಾತ್ರ ಗಮನ ಹರಿಯುವುದು ತೀರಾ ತಡವಾಗಿ.

ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಎಳೆಎಳೆಯಾಗಿ ಬಲೆ ಹೆಣೆದಾಗಲೇ ಹೆಪ್ಪು ಗಟ್ಟಿಯಾಗುವುದು. ಸಾಮಾನ್ಯರಲ್ಲಿ ಇದು ಲೀಟರಿಗೆ 2ರಿಂದ 4 ಗ್ರಾಂ. ಗರ್ಭಿಣಿಯ ದೇಹ ಹೆರಿಗೆಗೆ ಸಿದ್ಧವಾಗುತ್ತಾ ಅದನ್ನು 4–6 ಗ್ರಾಂ ಮಟ್ಟಕ್ಕೆ ಏರಿಸಿಕೊಂಡಿರುತ್ತದೆ. ಆದ್ದರಿಂದ ರಕ್ತ ಸುರಿಯುತ್ತಿರುವ ಬಾಣಂತಿಯ ವರದಿಯಲ್ಲಿ 2.2 ಎಂದು ಬಂದು, ಪಕ್ಕದಲ್ಲಿ ‘ಸಹಜ’ ಎಂದು ಅಚ್ಚಾಗಿದ್ದರೆ ಅದನ್ನು ನಂಬಿ ಕೂರಬಾರದು. ಅರ್ಧದಷ್ಟು ದಾಸ್ತಾನು ಆಗಲೇ ಖಾಲಿಯಾಗಿದೆ ಎಂದರ್ಥ. ರಕ್ತಸ್ರಾವದ ಆರಂಭದಲ್ಲೇ ಈ ಅಂಕಿ 2 ಅಥವಾ ಅದಕ್ಕಿಂತ ಕೆಳಗಿದ್ದ ಬಾಣಂತಿಯರೆಲ್ಲರ ಸ್ಥಿತಿಯೂ ಗಂಭೀರವಾಯಿತು ಎಂದು 2007ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು ತೋರಿಸಿತು.

ದಾಸ್ತಾನು ಹಲವು ದಾರಿಗಳಲ್ಲಿ ಕರಗುತ್ತದೆ. ರಕ್ತದ ಜೊತೆ ಹರಿದುಹೋಗುತ್ತದೆ. ನಾವೇ ಲೀಟರುಗಟ್ಟಲೆ ಸಲೈನ್ ಏರಿಸಿ ಉಳಿದದ್ದನ್ನು ತೆಳುವಾಗಿಸುತ್ತೇವೆ. ಮೈ ತಣ್ಣಗಾದರೆ ಹೆಪ್ಪುಗಟ್ಟುವ ಕ್ರಿಯೆಯೇ ನಿಧಾನವಾಗುತ್ತದೆ. ಮಾಸು ಹೆರಿಗೆಗೆ ಮೊದಲೇ ಬಿಟ್ಟುಕೊಂಡ ತಾಯಂದಿರಲ್ಲಂತೂ ರಕ್ತ ಒಳಗೇ ಶೇಖರವಾಗಿ, ಹೊರಗೆ ಕಾಣುವ ರಕ್ತ ಸ್ವಲ್ಪವೇ ಇದ್ದರೂ ಫೈಬ್ರಿನೋಜೆನ್ ಪಾತಾಳ ಕಂಡಿರುತ್ತದೆ.

ಇದನ್ನು ಪತ್ತೆ ಹಚ್ಚಲು ಪ್ರಯೋಗಾಲಯವೇ ಬೇಕೆಂದಿಲ್ಲ. ಒಣಗಿದ, ಸ್ವಚ್ಛವಾದ ಸಣ್ಣ ಗಾಜಿನ ನಳಿಕೆಗೆ 2 ಮಿಲಿಲೀಟರ್ ರಕ್ತ ಹಾಕಿ, ಬೆಚ್ಚಗಿರಲೆಂದು ಮುಷ್ಟಿಯೊಳಗೆ ಹಿಡಿದುಕೊಳ್ಳಬೇಕು. 4 ನಿಮಿಷದ ಬಳಿಕ ಮೆಲ್ಲಗೆ ಓರೆ ಮಾಡಿ ನೋಡಬೇಕು, ಆಮೇಲೆ ನಿಮಿಷಕ್ಕೊಮ್ಮೆ. ಹೆಪ್ಪು ಗಟ್ಟಿಯಾಗಿದ್ದರೆ ನಳಿಕೆಯನ್ನು ತಲೆಕೆಳಗು ಮಾಡಿದರೂ ರಕ್ತ ಜಾರುವುದಿಲ್ಲ. 7 ನಿಮಿಷವಾದರೂ ಹೆಪ್ಪುಗಟ್ಟದಿದ್ದರೆ, ಅಥವಾ ಗಟ್ಟಿದ್ದು ಮೆತ್ತಗೆ ಒಡೆದುಹೋದರೆ, ದೋಷವಿದೆಯೆಂದೇ ತಿಳಿದು ಮುಂದುವರಿಯಬೇಕು. ಗಡಿಯಾರವಿರುವ ಯಾವ ಆಸ್ಪತ್ರೆಯಲ್ಲೂ ಇದು ಸಾಧ್ಯ.

ಕಟ್ಟಿದ ಹೆಪ್ಪನ್ನು ದೇಹವೇ ಕರಗಿಸುವುದೂ ಉಂಟು. ಅದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು 1960ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ. ಬಾಣಂತಿಯರ ಸಾವನ್ನು ತಡೆಯಬೇಕೆಂಬುದೇ ಉತಾಕೊ ಅವರ ಆಸೆ; ಆದರೆ ಅಂದಿನ ಪ್ರಸೂತಿ ವೈದ್ಯರನ್ನು ಒಪ್ಪಿಸಲು ಆಗಲಿಲ್ಲ. 21 ದೇಶಗಳ 20,000ಕ್ಕೂ ಹೆಚ್ಚು ಬಾಣಂತಿಯರ ಮೇಲಿನ ಪರೀಕ್ಷೆಯ ಫಲಿತಾಂಶ ಬಂದದ್ದು 2017ರಲ್ಲಿ, ಅವರು ತೀರಿಕೊಂಡ ಮರುವರ್ಷ. ಹೆರಿಗೆಯಾದ 3 ಗಂಟೆಯೊಳಗೆ 1 ಗ್ರಾಂ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ತಡಮಾಡಿದ ಪ್ರತಿ 15 ನಿಮಿಷಕ್ಕೆ ಲಾಭದ ಶೇ. 10ರಷ್ಟು ಕೈಬಿಡುತ್ತದೆ.

ಕಳೆದುಹೋದದ್ದನ್ನು ತುಂಬುವಾಗ ಕೆಂಪುಕಣಗಳ ಚೀಲವಷ್ಟೇ ಸಾಲದು. ಅದು ಆಮ್ಲಜನಕ ಹೊರುತ್ತದೆ, ಹೆಪ್ಪುಗಟ್ಟಿಸುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳಿರುವ ರಕ್ತದ ದ್ರವಭಾಗವಾದ ಪ್ಲಾಸ್ಮಾ ಕೊಡಬೇಕು. ಫೈಬ್ರಿನೋಜೆನ್ ಕುಸಿದಿದ್ದರೆ, ಅದನ್ನೇ ಸ್ವಲ್ಪ ದ್ರವದಲ್ಲಿ ಸಾಂದ್ರವಾಗಿ ಹಿಡಿದಿಟ್ಟಿರುವ ಕ್ರಯೋಪ್ರೆಸಿಪಿಟೇಟ್ ಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಚೀಲಗಳಲ್ಲಿ ಬೆರೆಸಿರುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಕ್ಯಾಲ್ಸಿಯಂ ಅನ್ನೂ ಕೊಡುತ್ತಿರಬೇಕು.

ಇದೆಲ್ಲ ಶುರುವಾಗಬೇಕಾದರೆ ಎಷ್ಟು ರಕ್ತ ಹೋಗಿದೆಯೆಂದು ತಿಳಿಯಬೇಕು. ಕಣ್ಣಳತೆ ಬಹುತೇಕ ಕಡಿಮೆಯನ್ನೇ ಹೇಳುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆದಾಗ (ಫಲಿತಾಂಶ 2006ರಲ್ಲಿ ಬಂತು) ದಾದಿಯರು ಅಳತೆಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಾಣಂತಿಯ ಕೆಳಗೆ ಹಾಸಿ ರಕ್ತವನ್ನು ಅಳೆದಿದ್ದರು. ಅಂಥದ್ದೇ ಹಾಳೆಯಿಂದ ಬೇಗ ಪತ್ತೆಹಚ್ಚಿ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೇ ಕೊಟ್ಟಾಗ ಗಂಭೀರ ಪ್ರಕರಣಗಳು ಅರ್ಧಕ್ಕಿಂತಲೂ ಕೆಳಗಿಳಿದದ್ದನ್ನು ಆಫ್ರಿಕಾದ ನಾಲ್ಕು ದೇಶಗಳ ಪರೀಕ್ಷೆ 2023ರಲ್ಲಿ ತೋರಿಸಿತು.

ತಾಲ್ಲೂಕು ಆಸ್ಪತ್ರೆಯಿಂದ ಬಾಣಂತಿಯನ್ನು 108ರಲ್ಲಿ ಮೇಲಿನ ಆಸ್ಪತ್ರೆಗೆ ಕಳಿಸುವಾಗ ಟ್ರಾನೆಕ್ಸಾಮಿಕ್ ಆಮ್ಲ ಮೈ ಸೇರಿರಬೇಕು, ಗಾಜಿನ ನಳಿಕೆಯ ಫಲಿತಾಂಶ ಚೀಟಿಯಲ್ಲಿ ಬರೆದಿರಬೇಕು. ಪ್ಲಾಸ್ಮಾ, ಕ್ರಯೋಪ್ರೆಸಿಪಿಟೇಟ್ ಎರಡೂ ಮಂಜುಗಡ್ಡೆಯಂತೆ ಶೈತ್ಯದಲ್ಲಿ ಘನೀಕರಿಸಿ ಇಟ್ಟವು, ಕರಗಿಸಿ ಕೊಡಲು ಸಮಯ ಹಿಡಿಯುತ್ತದೆ. ಹಾಗಾಗಿ ರಕ್ತನಿಧಿಗೆ ಫೋನು ಹೋಗಬೇಕಾದದ್ದು ಆಂಬುಲೆನ್ಸ್ ಹೊರಡುವಾಗಲೇ.