ಬಿಚ್ಚಲಾಗದ ಕಟ್ಟು, ಕಾಣದ ಅಕ್ಷರ: ಹಳೆಯ ಪ್ರತಿಗಳನ್ನು ಯಂತ್ರ ಓದಲು ಕಲಿತದ್ದು ಹೇಗೆ?

ವಚನಗಳು ಇವತ್ತು ಪುಸ್ತಕವಾಗಿ ನಮ್ಮ ಕೈಲಿವೆ ಅಂದರೆ ಅದಕ್ಕೆ ರಬಕವಿ-ಬನಹಟ್ಟಿಯ ತಾಡೋಲೆಗಳೂ ಒಂದು ಕಾರಣ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅಲ್ಲಿಗೆ ಹೋದಾಗ ವಚನಗಳಿದ್ದ ಓಲೆಕಟ್ಟುಗಳನ್ನು ಕಂಡರು. ಆಮೇಲೆ ಅವರು ಸುಮ್ನೆ ಕೂರಲಿಲ್ಲ. ಊರೂರು ತಿರುಗಿ ಕಟ್ಟುಗಳನ್ನು ಕೂಡಿಸಿದರು, ಒಂದು ಪ್ರತಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಿ ಓದಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ತಮ್ಮ ಮನೆ ಮಾರಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಅವರಿಗಿಂತ ಮುಂಚೆ ಹೆಸರು ಗೊತ್ತಿದ್ದ ವಚನಕಾರರು ಸುಮಾರು 50 ಮಂದಿ. ಅವರ ಕೆಲಸದಿಂದ ಆ ಸಂಖ್ಯೆ 250ರ ಹತ್ತಿರ ಹೋಯಿತು. ಅವರ ಹೆಸರಿನ ಸಂಶೋಧನ ಕೇಂದ್ರವನ್ನು ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆ ನಡೆಸುತ್ತಿದೆ.

ಅದೆಲ್ಲ ಬರೀ ಕಣ್ಣಿನಿಂದ ಓದಿ ಮಾಡಿದ ಕೆಲಸ. ಕಣ್ಣಿಗೆ ಸಿಗದ ಓಲೆಗಳ ಗತಿ ಏನು?

ಓಲೆಯ ಬರವಣಿಗೆ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಹದ ಮಾಡಿದ ತಾಳೆಗರಿಯ ಮೇಲೆ ಕಂಠ ಎಂಬ ಕಬ್ಬಿಣದ ಮೊನೆಯಿಂದ ಅಕ್ಷರ ಗೀರುತ್ತಿದ್ದರು. ಗೀರಿದ್ದು ಹಾಗೇ ಕಾಣುವುದಿಲ್ಲ. ಮೇಲೆ ದೀಪದ ಮಸಿ ಸವರಿ ಒರೆಸಿದರೆ ಗೀರುಗಳಲ್ಲಿ ಕಪ್ಪು ಉಳಿದು ಅಕ್ಷರ ಮೂಡುತ್ತದೆ. ಕಾಲ ಕಳೆದಂತೆ ಮಸಿ ಉದುರುತ್ತದೆ, ಗರಿ ಕಂದು ತಿರುಗುತ್ತದೆ, ಹುಳು ತೂತು ಕೊರೆಯುತ್ತದೆ. ತೇವ ತಗುಲಿದ ಗರಿಗಳು ಒಂದಕ್ಕೊಂದು ಅಂಟಿ ಕೂರುತ್ತವೆ. ಬಲವಂತವಾಗಿ ಬಿಡಿಸಿದರೆ ಪುಡಿಯಾಗುತ್ತವೆ.

ಬಿಡಿಸಲು ಹೋಗಿ ಕೈಯಾರೆ ಕಳೆದುಕೊಂಡ ದೊಡ್ಡ ಕಥೆ ಇಟಲಿಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಹರ್ಕ್ಯುಲೇನಿಯಮ್ ಪಟ್ಟಣ ಹೂತುಹೋಯಿತು. 1752ರ ಹೊತ್ತಿಗೆ ಅಲ್ಲಿನ ಒಂದು ದೊಡ್ಡ ಬಂಗಲೆಯಲ್ಲಿ ಪಪೈರಸ್ (ಜೊಂಡಿನಂಥ ಗಿಡದಿಂದ ಮಾಡಿದ ಕಾಗದದಂಥ ಹಾಳೆ) ಸುರುಳಿಗಳು ಸಿಕ್ಕವು, ತುಂಡುಗಳನ್ನೂ ಸೇರಿಸಿದರೆ ಸುಮಾರು 1,800. ಅಗೆದವರು ಮೊದಲು ಇದ್ದಿಲು ಅಂದುಕೊಂಡಿದ್ದರು. ಕೆಲವನ್ನು ಚಾಕುವಿನಿಂದ ಸೀಳಿದರು. ಆಂಟೋನಿಯೊ ಪಿಯಾಜ್ಜಿಯೊ ಎಂಬ ಪಾದ್ರಿ ರೇಷ್ಮೆ ದಾರ ಕಟ್ಟಿ ನಿಧಾನವಾಗಿ ಬಿಚ್ಚುವ ಯಂತ್ರವನ್ನೇ ಮಾಡಿದರು. ಅದು ದಿನಕ್ಕೆ ಕೆಲವೇ ಮಿಲಿಮೀಟರ್ ಬಿಚ್ಚುತ್ತಿತ್ತು. ಅಷ್ಟು ಜೋಪಾನ ಮಾಡಿದರೂ ಎಷ್ಟೋ ಸುರುಳಿಗಳು ಚೂರಾದವು. ಕೊನೆಗೆ ನೂರಾರು ಸುರುಳಿಗಳನ್ನು ಬಿಚ್ಚದೆ ಹಾಗೇ ಬಿಟ್ಟರು. ನನಗೆ ಕೇಳಿದರೆ ಆ ಇಡೀ ಶತಮಾನದಲ್ಲಿ ನಡೆದ ಅತ್ಯಂತ ಒಳ್ಳೆಯ ಕೆಲಸ ಅದೇ.

ಬಿಚ್ಚದೆಯೇ ಓದುವ ದಾರಿ ತೋರಿಸಿದವರು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಇದೆಯಲ್ವಾ, ಅದೇ ತತ್ವವನ್ನು ಇನ್ನೂ ಸೂಕ್ಷ್ಮವಾಗಿ ಬಳಸಿ ಸುರುಳಿಯ ಒಳಗನ್ನು ಚಿತ್ರೀಕರಿಸುತ್ತಾರೆ. ಪದರಗಳನ್ನು ಗುರುತಿಸಿ ಕಂಪ್ಯೂಟರಿನೊಳಗೇ ಬಿಡಿಸಿ ಹರಡುತ್ತಾರೆ. ಇಸ್ರೇಲಿನ ಎನ್ ಗೆಡಿಯಲ್ಲಿ 1970ರಲ್ಲಿ ಸಿಕ್ಕ ಸುಟ್ಟ ಸುರುಳಿಯನ್ನು 2015ರಲ್ಲಿ ಹೀಗೆ ಓದಿದರು. ಒಳಗಿದ್ದದ್ದು ಬೈಬಲ್ಲಿನ ಯಾಜಕಕಾಂಡದ ಮೊದಲ ಭಾಗ. ಆ ಶಾಯಿ ಎಕ್ಸ್‌ರೇಗೆ ಎದ್ದು ಕಾಣುವಂಥದ್ದಾಗಿತ್ತು, ಹಾಗಾಗಿ ಸಾಧ್ಯವಾಯಿತು.

ಹರ್ಕ್ಯುಲೇನಿಯಮ್ ಶಾಯಿ ಹಾಗಲ್ಲ. ಅದು ಮಸಿ. ಸುಟ್ಟು ಇಂಗಾಲವಾದ ಪಪೈರಸ್ ಮೇಲೆ ಇಂಗಾಲದ್ದೇ ಶಾಯಿ! ಎಕ್ಸ್‌ರೇಗೆ ಎರಡೂ ಹೆಚ್ಚುಕಡಿಮೆ ಒಂದೇ. 2023ರ ಮಾರ್ಚ್‌ನಲ್ಲಿ ಸೀಲ್ಸ್ ಮತ್ತು ಜೊತೆಗಾರರು ಸ್ಕ್ಯಾನ್‌ಗಳನ್ನು ಎಲ್ಲರಿಗೂ ತೆರೆದಿಟ್ಟು 'ವೆಸೂವಿಯಸ್ ಚಾಲೆಂಜ್' ಎಂಬ ಸ್ಪರ್ಧೆ ಶುರು ಮಾಡಿದರು. ಕೇಸಿ ಹ್ಯಾಂಡ್ಮರ್ ಎಂಬುವರು ಗಂಟೆಗಟ್ಟಲೆ ಚಿತ್ರಗಳನ್ನೇ ನೋಡುತ್ತ ಕೂತು ಒಂದು ಸಂಗತಿ ಗುರುತಿಸಿದರು. ಶಾಯಿ ಇದ್ದ ಕಡೆ ಮೇಲ್ಮೈ ನಮ್ಮ ಎರೆಹೊಲ ಬೇಸಿಗೆಯಲ್ಲಿ ಬಿರಿದ ಹಾಗೆ ಸಣ್ಣಗೆ ಬಿರುಕು ಬಿಟ್ಟಿತ್ತು. ಆ ಬಿರುಕುಗಳನ್ನು ಹುಡುಕಲು ಲ್ಯೂಕ್ ಫ್ಯಾರಿಟರ್ ಎಂಬ 21 ವರ್ಷದ ವಿದ್ಯಾರ್ಥಿ ಕಂಪ್ಯೂಟರಿಗೆ ಕಲಿಸಿದ. ಆ ವರ್ಷದ ಅಕ್ಟೋಬರ್‌ನಲ್ಲಿ ಮೊದಲ ಪದ ಓದಲು ಸಿಕ್ಕಿತು. ನೇರಳೆ ಬಣ್ಣವನ್ನು ಹೇಳುವ ಗ್ರೀಕ್ ಪದ ಅದು. 2024ರ ಫೆಬ್ರವರಿಯಲ್ಲಿ ಫ್ಯಾರಿಟರ್, ಯೂಸುಫ್ ನಾಡೆರ್, ಜೂಲಿಯನ್ ಶಿಲಿಗರ್ ಮೂವರೂ ಸೇರಿ 2,000ಕ್ಕೂ ಜಾಸ್ತಿ ಅಕ್ಷರ ಹೊರತೆಗೆದು 7 ಲಕ್ಷ ಡಾಲರ್ ಬಹುಮಾನ ಗೆದ್ದರು. ಅದು ಆ ಸುರುಳಿಯ ಶೇ. 5ರಷ್ಟು ಮಾತ್ರ.

ನನಗೆ ಇದರಲ್ಲಿ ಹತ್ತಿರವಾದದ್ದು ಆ ಬಿರುಕಿನ ವಿಷಯ. ಅಲ್ಲಿ ಅಕ್ಷರ ಸಿಕ್ಕಿದ್ದು ಬಣ್ಣದಲ್ಲಲ್ಲ, ಮೇಲ್ಮೈಯ ಉಬ್ಬುತಗ್ಗಿನಲ್ಲಿ. ನಮ್ಮ ಓಲೆಯಲ್ಲೂ ಅಕ್ಷರ ಇರುವುದು ಗೀರಿನಲ್ಲೇ. ಮಸಿ ಪೂರ್ತಿ ಹೋದರೂ ಗೀರು ಉಳಿದಿರುತ್ತದೆ. ಮಸಿ ಸ್ವಲ್ಪವಾದರೂ ಉಳಿದಿದ್ದರೆ ಕೆಲಸ ಇನ್ನೂ ಸುಲಭ. ಇಂಗಾಲ ನಮ್ಮ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಹೀರಿಕೊಳ್ಳುತ್ತದೆ, ಕಂದಿದ ಗರಿ ಅದನ್ನು ಹಿಂದಕ್ಕೆ ಕಳಿಸುತ್ತದೆ. ಕಣ್ಣಿಗೆ ಎರಡೂ ಕಪ್ಪಾಗಿ ಕಂಡರೂ ಕ್ಯಾಮೆರಾಗೆ ಬೇರೆಬೇರೆಯಾಗಿ ಕಾಣುತ್ತವೆ. ಇದು ನಮ್ಮ ನಾಡಿನಲ್ಲೇ ಆಗಿರುವ ಕೆಲಸ. ಉಡುಪಿಯಲ್ಲಿದ್ದ, ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಸುಮಾರು 700 ವರ್ಷ ಹಳೆಯ ಓಲೆಪ್ರತಿಯನ್ನು ಅಮೆರಿಕದ ರೋಚೆಸ್ಟರ್‌ನ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಹೀಗೇ ಚಿತ್ರೀಕರಿಸಿದರು. ಈಸ್ಟನ್ ಅದಕ್ಕೂ ಮುಂಚೆ ಆರ್ಕಿಮಿಡೀಸನ ಅಳಿಸಿಹೋದ ಬರಹ ಓದುವ ತಂಡದಲ್ಲಿದ್ದವರು.

ಚಿತ್ರ ಸಿಕ್ಕರೆ ಓದು ಮುಗಿಯಲಿಲ್ಲ. ಓಲೆಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. 'ಕೆ', 'ಕೇ' ಎರಡನ್ನೂ ಸಾಮಾನ್ಯವಾಗಿ ಒಂದೇ ಥರ ಬರೆದಿರುತ್ತಾರೆ. ಯಾವುದು ಎಂದು ಹೇಳಲು ಭಾಷೆ, ಛಂದಸ್ಸು, ಆ ಕಾಲದ ಕೈಬರಹ ಬಲ್ಲವರೇ ಬೇಕು. ಹರ್ಕ್ಯುಲೇನಿಯಮ್‌ನಲ್ಲೂ ಯಂತ್ರ ತೋರಿಸಿದ್ದನ್ನು ಓದಿ ಒಪ್ಪಿದವರು ಗ್ರೀಕ್ ಪಪೈರಸ್ ಪಂಡಿತರು. ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಿಸಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ದಾಖಲಿಸಿ ಕಾಪಾಡುವ ಗುರಿ ಹಾಕಿಕೊಂಡಿದೆ. ಸ್ಕ್ಯಾನರ್ ಕೊಳ್ಳುವಷ್ಟೇ ಹಣವನ್ನು ಓಲೆ ಓದುವವರನ್ನು ತಯಾರು ಮಾಡಲೂ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಕಡೆ ಹಳೆಯ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಬಟ್ಟೆ ಸುತ್ತಿ ಪೂಜೆಗಿಟ್ಟ ಕಟ್ಟುಗಳು ಇರುತ್ತವೆ. ನಿಮ್ಮ ಮನೆಯಲ್ಲಿ ಇದ್ದರೆ ಅದಕ್ಕೆ ನೀರು, ಕುಂಕುಮ ತಾಗಿಸಬೇಡಿ, ಅಂಟಿದ ಗರಿಗಳನ್ನು ಬಿಡಿಸಬೇಡಿ. ತಾನಾಗಿ ತೆರೆದುಕೊಳ್ಳುವ ಗರಿಗಳ ಫೋಟೊ ತೆಗೆಯುವಾಗ ಫ್ಲ್ಯಾಶ್ ಬೇಡ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಗೀರುಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಯಾವ ಗರಿ ಯಾವುದರ ನಂತರ ಇತ್ತು ಎಂದು ಮೊದಲೇ ಬರೆದಿಟ್ಟುಕೊಂಡು ಆಮೇಲೆ ದಾರಕ್ಕೆ ಕೈ ಹಾಕಿ.